ಅಚ್ಚು ಎಲ್ಲಿ ಮಡಗಿದ್ರು? ಹಳೇ ಕಾರು ಕಿಟ್‌ಗಳ ಕಥೆ, ಮೈಸೂರು ಮೈನ್ಸ್‌ನ ಒಂದು ಜಗಲಿಯಿಂದ

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ನಾವು ಮಾರಿಕುಪ್ಪಂಗೆ ಹೋಗಿದ್ದು ಕುಡಿಯುವ ನೀರಿನ ಸುದ್ದಿ ಮಾಡಲು. ಖಾಲಿ ಕೊಡಗಳ ಫೋಟೊ ಆಯಿತು, ನಾಲ್ಕು ಜನರ ಹೇಳಿಕೆ ಆಯಿತು. ಬಂಗಾರಪೇಟೆಗೆ ವಾಪಸ್ ಹೋಗುವ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಮೈಸೂರು ಮೈನ್ಸ್ ಲೈನ್ ಮನೆಯಲ್ಲಿರುವ ಹಳೇ ಗೆಳೆಯ 'ಬಿಸಿಲಲ್ಲಿ ಎಲ್ಲಿ ಕೂರ್ತೀರಾ, ಬನ್ನಿ' ಎಂದು ಮನೆಗೆ ಕರೆದೊಯ್ದ. ಅವನು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಕೆ.ಜಿ.ಎಫ್. ಜನರಲ್ಲಿ ಒಬ್ಬ. ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವ ಒಂದು ಘಟಕದಲ್ಲಿ ಮೆಷಿನ್ ನೋಡಿಕೊಳ್ಳುತ್ತಾನೆ. ಅವನ ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ವಯಸ್ಸು ಎಂಬತ್ತು ದಾಟಿದೆ.

ಜಗಲಿಯಲ್ಲಿ ಗೆಳೆಯನ ಮಗ ಒಂದು ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಕಿಟ್ ಅದು. ಮುಚ್ಚಳದ ಮೇಲೆ 1911ರ ರೋಲ್ಸ್‌ರಾಯ್ಸ್ ಕಾರಿನ ಬಣ್ಣದ ಚಿತ್ರ. ಫ್ಯಾಕ್ಟರಿಯ ಇಂಜಿನಿಯರ್ ಒಬ್ಬರು ಲಂಡನ್‌ಗೆ ಹೋಗಿ ಬಂದಾಗ 'ನಿನ್ನ ಮಗನಿಗೆ' ಅಂತ ತಂದುಕೊಟ್ಟಿದ್ದರಂತೆ. ಡಬ್ಬಿಯ ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ 'ಮೇಡ್ ಇನ್ ಇಂಡಿಯಾ' ಎಂದಿತ್ತು. ನಮಗೆ ನಗು ಬಂತು. ಇಲ್ಲೇ ಎಲ್ಲೋ ಹುಟ್ಟಿ, ಲಂಡನ್‌ವರೆಗೆ ಹೋಗಿ, ಮಾರಿಕುಪ್ಪಂಗೆ ಬಂದಿದೆ ಈ ಕಾರು.

ಗೆಳೆಯ ಅಪ್ಪನಿಗೆ ವಿವರಿಸುತ್ತಿದ್ದ. "ಅಪ್ಪಾ, ಇದು ನೀನು ಮೈನ್ಸ್‌ಗೆ ಸೇರೋಕೆ ಮೊದಲೇ ಬಂದಿದ್ದ ಆಟಿಕೆ. ಅದೇ ಹಳೇ ಅಚ್ಚಲ್ಲಿ ಈಗ ಮತ್ತೆ ಹೊಡೆದಿದ್ದಾರೆ."

ಹಿರಿಯರು ಒಂದು ಚಕ್ರದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮಿಳು ಬೆರೆತ ಕನ್ನಡದಲ್ಲಿ ನಮ್ಮನ್ನೇ ಕೇಳಿದರು: "ಇಷ್ಟು ವರ್ಷ ಆ ಅಚ್ಚು ಎಲ್ಲಿ ಮಡಗಿದ್ರಪ್ಪಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನೀರಿನ ಸುದ್ದಿ ಮರುದಿನ ಎರಡು ಕಾಲಂ ಬಂದು ಮುಗಿಯಿತು. ಈ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಹುಡುಕುತ್ತಾ ಹೋದಂತೆ ಅದು ಆಟಿಕೆಯ ಪ್ರಶ್ನೆಯಾಗಿ ಉಳಿಯಲಿಲ್ಲ, ಕಾರ್ಖಾನೆ ಮುಚ್ಚಿದ ಊರುಗಳ ಪ್ರಶ್ನೆಯಾಯಿತು. ಅದಕ್ಕೇ ಈ ಬರಹ.

ಅಚ್ಚು ಅಂದರೆ ಏನು

ಮೊದಲು ಕಿಟ್ ಅಂದರೆ ಏನು ಅಂತ ಹೇಳಿಬಿಡುತ್ತೇವೆ. ಇದು ಅಂಗಡಿಯಿಂದ ತಂದು ನೆಲದ ಮೇಲೆ ಓಡಿಸುವ ಆಟಿಕೆ ಕಾರು ಅಲ್ಲ. ಡಬ್ಬಿ ತೆರೆದರೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟುಗಳು ಸಿಗುತ್ತವೆ. ಆ ಕಡ್ಡಿಗಳಿಗೆ ಕಾರಿನ ಭಾಗಗಳು ಅಂಟಿಕೊಂಡಿರುತ್ತವೆ: ಬಾಗಿಲು, ಚಕ್ರ, ಸ್ಟೇರಿಂಗ್, ಎಂಜಿನ್ನಿನ ಎರಡು ಹೋಳು. ಒಂದೊಂದನ್ನೇ ಕತ್ತರಿಸಿ, ಅಂಚು ಉಜ್ಜಿ, ಗೋಂದು ಹಚ್ಚಿ, ಬಣ್ಣ ಬಳಿದು ಕಾರನ್ನು ನಾವೇ ಕಟ್ಟಬೇಕು. ಏರ್‌ಫಿಕ್ಸ್‌ನ ಹಳೇ ಕಾರುಗಳು ಅಸಲಿ ಕಾರಿನ 32ರಲ್ಲಿ ಒಂದು ಪಾಲಿನ ಅಳತೆಯವು. ಅಮೆರಿಕದ ಕಾರು ಕಿಟ್‌ಗಳು ಹೆಚ್ಚಾಗಿ 25ರಲ್ಲಿ ಒಂದು ಪಾಲು.

ಈ ಭಾಗಗಳು ಹುಟ್ಟುವುದು ಲೋಹದ ಎರಡು ಹೋಳುಗಳ ನಡುವೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹರಳುಗಳನ್ನು ಯಂತ್ರದ ಬಾಯಿಗೆ ಸುರಿದು, ಇನ್ನೂರು ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಕರಗಿಸಿ, ಭಾರೀ ಒತ್ತಡದಿಂದ ಅಚ್ಚಿನೊಳಗೆ ತಳ್ಳುತ್ತಾರೆ. ಕ್ಷಣದಲ್ಲಿ ಅದು ತಣಿದು ಗಟ್ಟಿಯಾಗುತ್ತದೆ. ಅಚ್ಚು ಬಾಯಿ ಬಿಡುತ್ತದೆ, ಒಳಗಿನ ಪಿನ್ನುಗಳು ಚೌಕಟ್ಟನ್ನು ಹೊರಗೆ ದೂಡುತ್ತವೆ. ಇದೇ ಕೆಲಸವನ್ನು ಗೆಳೆಯ ದಿನಕ್ಕೆ ಎಂಟು ಗಂಟೆ ನೋಡುತ್ತಾನೆ. ಅವನ ಘಟಕದಲ್ಲಿ ಬರುವುದು ಕಾರಿನ ಬಾಗಿಲಲ್ಲ, ಸ್ವಿಚ್ಚಿನ ಮುಚ್ಚಳ.

ಈ ವ್ಯವಹಾರದಲ್ಲಿ ದುಡ್ಡು ಹೋಗುವುದು ಪ್ಲಾಸ್ಟಿಕ್ಕಿಗಲ್ಲ, ಅಚ್ಚಿಗೆ. 1950-60ರ ದಶಕಗಳಲ್ಲಿ ಅಚ್ಚು ಮಾಡಲು ಮೊದಲು ಮರದಲ್ಲಿ ಕಾರಿನ ದೊಡ್ಡ ಮಾದರಿ ಕೆತ್ತುತ್ತಿದ್ದರು. ಅದರ ಮೈಮೇಲೆ ಪ್ಯಾಂಟೊಗ್ರಾಫ್ ಯಂತ್ರದ ಕಡ್ಡಿ ಓಡಿಸಿದರೆ ಇನ್ನೊಂದು ತುದಿಯ ಉಳಿ ಅದೇ ಆಕಾರವನ್ನು ಚಿಕ್ಕದಾಗಿ ಲೋಹದಲ್ಲಿ ಕೊರೆಯುತ್ತಿತ್ತು. ಉಳಿದದ್ದು ಕೈಯಿಂದ. ಒಂದು ಕಿಟ್‌ಗೆ ತಿಂಗಳುಗಟ್ಟಲೆ ಕೆಲಸ. ಹೀಗೆ ತಯಾರಾದ ಅಚ್ಚು ಲಕ್ಷಾಂತರ ಕಿಟ್‌ಗಳನ್ನು ಹೊಡೆಯಬಲ್ಲದು. ಹಾಕಿದ ದುಡ್ಡು ಒಮ್ಮೆ ಹುಟ್ಟಿದ ಮೇಲೆ ಅಚ್ಚು ಗೋದಾಮಿನಲ್ಲಿ ಗ್ರೀಸ್ ಬಳಿದುಕೊಂಡು ಸುಮ್ಮನೆ ಕೂರುತ್ತದೆ. ಹತ್ತು ವರ್ಷ ಬಿಟ್ಟು ಹೊರಗೆ ತೆಗೆದು, ತೊಳೆದು, ಹೊಸ ಡಬ್ಬಿ ಮತ್ತು ಹೊಸ ಅಂಟುಚಿತ್ರ ಕೊಟ್ಟರೆ ಮತ್ತೆ ವ್ಯಾಪಾರ. ಮರುಬಿಡುಗಡೆ ಅಂದರೆ ಇಷ್ಟೇ. ಇಷ್ಟೇ ಆದರೂ ಅಚ್ಚು ಉಳಿದಿರಬೇಕು, ಮತ್ತು ಅದು ಏನೆಂದು ಗೊತ್ತಿರುವವರು ಉಳಿದಿರಬೇಕು.

ಅಮೆರಿಕದಲ್ಲಿ ತಿದ್ದಿ ಕಳೆದ ಅಚ್ಚುಗಳು

ಅಮೆರಿಕದ ಕಾರು ಕಿಟ್ ಹುಟ್ಟಿದ್ದೇ ಕಾರಿನ ಶೋರೂಮಿನಲ್ಲಿ. ಡೆಟ್ರಾಯಿಟ್ ಪ್ರದೇಶದಲ್ಲಿ 1948ರಲ್ಲಿ ಎ.ಎಂ.ಟಿ. ಎಂಬ ಕಂಪನಿ ಶುರುವಾಯಿತು. ಪೂರ್ತಿ ಹೆಸರು ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್. ಹೆಸರಲ್ಲಿ ಅಲ್ಯೂಮಿನಿಯಂ ಇದ್ದರೂ ಬೇಗನೇ ಪ್ಲಾಸ್ಟಿಕ್ಕಿಗೆ ಬಂತು. ಹೊಸ ಕಾರು ಮಾರುಕಟ್ಟೆಗೆ ಬಂದಾಗ ಡೀಲರ್‌ಗಳು ಗಿರಾಕಿಯ ಮಕ್ಕಳಿಗೆ ಅದೇ ಕಾರಿನ ಚಿಕ್ಕ ಮಾದರಿ ಕೊಡುತ್ತಿದ್ದರು. ಆ ಮಾದರಿಗಳನ್ನು ಮಾಡಿಕೊಡುವುದು ಎ.ಎಂ.ಟಿ.ಯ ಕೆಲಸ. 1958ರಲ್ಲಿ ಅದೇ ಕಾರುಗಳನ್ನು ಬಿಡಿಭಾಗಗಳ ಕಿಟ್ ಆಗಿ ಮಾರಲು ಶುರು ಮಾಡಿದರು. ಒಂದೇ ಡಬ್ಬಿಯಲ್ಲಿ ಮೂರು ಥರ ಕಟ್ಟಬಹುದು: ಶೋರೂಮಿನಲ್ಲಿ ಇದ್ದಂತೆ, ನಮ್ಮ ಇಷ್ಟದಂತೆ, ಇಲ್ಲವೇ ರೇಸಿನ ಕಾರಿನಂತೆ. ಜೋ-ಹ್ಯಾನ್, 1963ರ ನಂತರ ಎಂ.ಪಿ.ಸಿ., ಕ್ಯಾಲಿಫೋರ್ನಿಯಾದ ರೆವೆಲ್, ಶಿಕಾಗೊದ ಮೊನೊಗ್ರಾಮ್ ಎಲ್ಲವೂ ಈ ಸಂತೆಯಲ್ಲಿದ್ದವು.

ಆದರೆ ಅಮೆರಿಕದ ಕಾರು ಕಂಪನಿಗಳು ಪ್ರತಿ ವರ್ಷ ಮಾಡೆಲ್ ಬದಲಿಸುತ್ತಿದ್ದವು. ಕಿಟ್ ಕಂಪನಿಗಳೂ ಪ್ರತಿ ವರ್ಷ ಹೊಸ ಕಿಟ್ ತರಬೇಕು. ಪ್ರತಿ ಸಲ ಹೊಸ ಅಚ್ಚು ಮಾಡುವಷ್ಟು ಹಣ ಎಲ್ಲಿಂದ? ಅದಕ್ಕೆ ಹಳೇ ಅಚ್ಚನ್ನೇ ತಿದ್ದುತ್ತಿದ್ದರು. ಮುಂದಿನ ಜಾಲರಿ ಬದಲಿಸು, ಹಿಂದಿನ ದೀಪ ಬದಲಿಸು, ಬದಿಯ ಗೆರೆ ಅಳಿಸು. ಹೀಗೆ ತಿದ್ದಿದ ಮೇಲೆ ಹೋದ ವರ್ಷದ ಕಾರು ಮತ್ತೆ ಬರಲಾರದು. ಕೊನೆಗೆ ಮಾಡೆಲ್ ಹಳತಾದಾಗ ಅದೇ ಅಚ್ಚನ್ನು ಇನ್ನಷ್ಟು ಕೆತ್ತಿ ರೇಸಿನ ಗುಜರಿ ಕಾರಿನಂತೆ ಮಾಡಿ ಮಾರಿದರು. ಅಂದಿನ ಲೆಕ್ಕಕ್ಕೆ ಅದು ಸರಿ. ಹಳೇ ಕಾರನ್ನು ಮುಂದೊಂದು ದಿನ ಯಾರಾದರೂ ಬೇಕೆನ್ನುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಆಮೇಲೆ ಕಂಪನಿಗಳೇ ಕೈ ಬದಲಾದವು. ಎ.ಎಂ.ಟಿ.ಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಕಾರುಗಳ ಲೆಸ್ನಿ ಕೊಂಡಿತು. ಅಲ್ಲಿಂದ ಅದು ಅಯೋವಾ ರಾಜ್ಯದ ಎರ್ಟ್ಲ್ ಕೈಗೆ ಹೋಯಿತು. ಎಂ.ಪಿ.ಸಿ. ಕೂಡ ಅಲ್ಲಿಗೇ ಬಂತು. ಪ್ರತಿ ಮಾರಾಟದಲ್ಲೂ ಟನ್‌ಗಟ್ಟಲೆ ಉಕ್ಕು ಲಾರಿ ಹತ್ತಿತು, ರೈಲು ಹತ್ತಿತು. 1977ರಲ್ಲಿ ಅರೋರಾ ಕಂಪನಿ ನಿಂತು ಅದರ ಅಚ್ಚುಗಳು ಮೊನೊಗ್ರಾಮ್‌ಗೆ ಹೋದವು. ದಾರಿಯಲ್ಲಿ ರೈಲು ಹಳಿ ತಪ್ಪಿ ಕೆಲವು ಅಚ್ಚು ಹಾಳಾದವು ಎಂಬ ಕಥೆಯನ್ನು ಕಿಟ್ ಹವ್ಯಾಸಿಗಳು ಇಂದಿಗೂ ಹೇಳಿಕೊಳ್ಳುತ್ತಾರೆ. ಜೋ-ಹ್ಯಾನ್‌ನ ಅಚ್ಚುಗಳು ಹಲವರ ಕೈಗೆ ಚದುರಿಹೋದವು. 2018ರಲ್ಲಿ ರೆವೆಲ್‌ನ ಅಮೆರಿಕದ ಒಡೆಯ ಹಾಬಿಕೊ ದಿವಾಳಿಯಾದಾಗ ಒಂದಷ್ಟು ಹಳೇ ಅಚ್ಚುಗಳನ್ನು ನ್ಯೂಯಾರ್ಕಿನ ಅಟ್ಲಾಂಟಿಸ್ ಎಂಬ ಸಣ್ಣ ಕಂಪನಿ ಕೊಂಡು ಮತ್ತೆ ಕಿಟ್ ಹೊಡೆಯತೊಡಗಿತು.

2005ರಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ರೌಂಡ್ 2 ಎಂಬ ಕಂಪನಿ ಹುಟ್ಟಿತು. ಎ.ಎಂ.ಟಿ. ಮತ್ತು ಎಂ.ಪಿ.ಸಿ. ಹೆಸರಿನ ಹಳೇ ಕಿಟ್‌ಗಳನ್ನು ಅದು ಹಳೇ ಡಬ್ಬಿಯ ಚಿತ್ರಗಳೊಂದಿಗೆ ಮರಳಿ ತಂದಿತು. ಅಚ್ಚು ಇರುವ ಕಡೆ ಕೆಲಸ ಸುಲಭ. ಅಚ್ಚು ತಿದ್ದಿ ಹಾಳಾಗಿರುವ ಕಡೆ ಬೇರೆ ದಾರಿ: ಯಾರದ್ದೋ ಅಟ್ಟದ ಮೇಲೆ ಕಟ್ಟದೆ ಉಳಿದ ಹಳೇ ಕಿಟ್ ಹುಡುಕಿ, ಅದರ ಒಂದೊಂದು ತುಂಡನ್ನೂ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, ಹೊಸ ಅಚ್ಚು ಕೊರೆಸುವುದು. ಒಮ್ಮೆ ಉಳಿತಾಯಕ್ಕೆಂದು ಅಳಿಸಿದ್ದನ್ನು ಮತ್ತೆ ಪೂರ್ತಿ ಖರ್ಚು ಮಾಡಿ ಬರೆಯುವ ಕೆಲಸ ಇದು. ಮೇಲಿಂದ ಕಾರಿನ ಹೆಸರಿಗೆ ಕಾರು ಕಂಪನಿಯ ಅನುಮತಿ ಬೇಕು, ಟೈರಿನ ಮೇಲಿನ ಹೆಸರಿಗೆ ಟೈರ್ ಕಂಪನಿಯ ಅನುಮತಿ ಬೇಕು.

ಏರ್‌ಫಿಕ್ಸ್ ಅಚ್ಚುಗಳ ಅಲೆದಾಟ

ಜಗಲಿಯ ಮೇಲಿದ್ದ ರೋಲ್ಸ್‌ರಾಯ್ಸ್ ಬಂದದ್ದು ಬ್ರಿಟನ್ನಿನ ಸಾಲಿನಿಂದ. ಏರ್‌ಫಿಕ್ಸ್ ಅನ್ನು 1939ರಲ್ಲಿ ಹಂಗೇರಿಯಿಂದ ಬಂದ ನಿಕೋಲಸ್ ಕೋವ್ ಶುರು ಮಾಡಿದ. ಮೊದಲು ಗಾಳಿ ತುಂಬುವ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ. 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಪನಿಗೆ ಪ್ರಚಾರಕ್ಕೆಂದು ಒಂದು ಚಿಕ್ಕ ಟ್ರ್ಯಾಕ್ಟರ್ ಮಾಡಿಕೊಟ್ಟಿದ್ದೇ ಅದರ ಮಾದರಿಗಳಲ್ಲಿ ಮೊದಲನೆಯದು. ಅಲ್ಲೂ ಶುರು ಪ್ರಚಾರದ ಮಾದರಿಯಿಂದಲೇ ಎಂಬುದನ್ನು ಗಮನಿಸಿ. 1950ರ ದಶಕದ ಮೊದಲರ್ಧದಲ್ಲಿ ಗೋಲ್ಡನ್ ಹೈಂಡ್ ಹಡಗಿನ ಕಿಟ್ ವೂಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗ್‌ಗೆ ಬಂತು. 1950ರ ದಶಕದಲ್ಲೇ ಹಳೇ ಕಾಲದ ಕಾರುಗಳ ಸರಣಿಯೂ ಬಂತು.

1981ರಲ್ಲಿ ಏರ್‌ಫಿಕ್ಸ್ ಮುಳುಗಿತು. ಅಮೆರಿಕದ ಜನರಲ್ ಮಿಲ್ಸ್ ತನ್ನ ಪ್ಯಾಲಿಟಾಯ್ ಕಂಪನಿ ಮೂಲಕ ಕೊಂಡಿತು. ಅಚ್ಚುಗಳು ಕಡಲು ದಾಟಿ ಫ್ರಾನ್ಸಿಗೆ ಹೋದವು. 1986ರಲ್ಲಿ ಬಣ್ಣದ ಡಬ್ಬಿಗಳಿಗೆ ಹೆಸರಾದ ಹಂಬ್ರಾಲ್ ಕೈಗೆ ಬಂತು. ಅಚ್ಚುಗಳು ಮಾತ್ರ ಫ್ರಾನ್ಸಿನ ಹೆಲ್ಲರ್ ಕಾರ್ಖಾನೆಯಲ್ಲೇ ಉಳಿದು ಅಲ್ಲೇ ಕಿಟ್ ಹೊಡೆಯುತ್ತಿದ್ದವು. 2006ರಲ್ಲಿ ಹಂಬ್ರಾಲ್ ಕೂಡ ಮುಳುಗಿದಾಗ ದೊಡ್ಡ ತಲೆನೋವಾದದ್ದು ಇದೇ: ಹೆಸರು ಇಂಗ್ಲೆಂಡಿನಲ್ಲಿ, ಅಚ್ಚು ಫ್ರಾನ್ಸಿನಲ್ಲಿ, ಎರಡೂ ಕಡೆ ಸಾಲಗಾರರು. ಆ ವರ್ಷದ ನವೆಂಬರಿನಲ್ಲಿ ಆಟಿಕೆ ರೈಲುಗಳ ಹಾರ್ನ್‌ಬಿ ಕಂಪನಿ 26 ಲಕ್ಷ ಪೌಂಡಿಗೆ ಏರ್‌ಫಿಕ್ಸ್ ಮತ್ತು ಹಂಬ್ರಾಲ್ ಎರಡನ್ನೂ ಕೊಂಡಿತು. ಅಚ್ಚುಗಳನ್ನು ಬಿಡಿಸಿಕೊಂಡಿತು. ಹಾರ್ನ್‌ಬಿಯ ಕಾಲದಲ್ಲಿ ತಯಾರಿಕೆಯ ಒಂದು ಭಾಗ ಭಾರತಕ್ಕೆ ಬಂತು. 2018ರ ಹೊತ್ತಿಗೆ 'ವಿಂಟೇಜ್ ಕ್ಲಾಸಿಕ್ಸ್' ಎಂಬ ಸಾಲು ಘೋಷಣೆಯಾಯಿತು. ಹಳೇ ಅಚ್ಚು, ಹಳೇ ಡಬ್ಬಿಯ ಚಿತ್ರ. 'ಇದು ಹೊಸ ಅಚ್ಚಲ್ಲ, ಹಳೆಯದು' ಎಂದು ಡಬ್ಬಿಯ ಹೆಸರಲ್ಲೇ ಹೇಳಿ ಮಾರುವುದು ನಮಗೆ ಹಿಡಿಸಿತು. ಗಿರಾಕಿಗೆ ಏನು ಸಿಗುತ್ತದೆಂದು ಮೊದಲೇ ಗೊತ್ತು.

ಹಿರಿಯರ ಪ್ರಶ್ನೆಗೆ ಉತ್ತರ ಇದು: ಇಂಗ್ಲೆಂಡಿನಲ್ಲಿ, ಫ್ರಾನ್ಸಿನಲ್ಲಿ, ಗೋದಾಮುಗಳಲ್ಲಿ, ಸಾಲಗಾರರ ಪಟ್ಟಿಗಳಲ್ಲಿ. ಕಂಪನಿ ಮೂರು ಸಲ ಕೈ ಬದಲಾದರೂ ಯಾರೋ ಒಬ್ಬರು ಪ್ರತಿ ಸಲವೂ ಅಚ್ಚನ್ನು ಲೆಕ್ಕಕ್ಕೆ ಹಿಡಿದರು. ಗುಜರಿಯ ತೂಕಕ್ಕೆ ಹಾಕಲಿಲ್ಲ.

ನಮ್ಮ ರಸ್ತೆಯ ಮರುಬಿಡುಗಡೆಗಳು

ಇದೆಲ್ಲ ಹೊರದೇಶದ ಮಕ್ಕಳ ಆಟ ಎನಿಸಬಹುದು. ಹಾಗಲ್ಲ. ನಾವು ಹುಟ್ಟಿ ಬೆಳೆದ ರಸ್ತೆಗಳಲ್ಲಿ ಓಡಿದ ಕಾರುಗಳೇ ಪೂರ್ತಿ ಅಳತೆಯ ಮರುಬಿಡುಗಡೆಗಳು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಯಿತು. ಇಂಗ್ಲೆಂಡಿನವರು ಅದನ್ನು ಎಂದೋ ಮರೆತರು. ನಮ್ಮಲ್ಲಿ ಅದು 2014ರ ಮೇ ತಿಂಗಳವರೆಗೆ ತಯಾರಾಯಿತು. ಫಿಯೆಟ್ 1100 ಮುಂಬೈನ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿಯಾಯಿತು. ಮದ್ರಾಸಿನಲ್ಲಿ ಟ್ರಯಂಫ್ ಹೆರಾಲ್ಡ್ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಅದೇ ಮದ್ರಾಸಿಗೆ ರಾಯಲ್ ಎನ್‌ಫೀಲ್ಡ್ ಬುಲೆಟ್‌ನ ಅಚ್ಚು, ಉಪಕರಣಗಳು 1957ರಲ್ಲಿ ಬಂದವು. ಇಂಗ್ಲೆಂಡಿನ ಮೂಲ ಕಂಪನಿ 1970ರ ಹೊತ್ತಿಗೆ ಬಾಗಿಲು ಹಾಕಿತು. ಬುಲೆಟ್ ಮಾತ್ರ ನಿಲ್ಲಲಿಲ್ಲ. ಆಮೇಲೆ ಇಲ್ಲಿಂದಲೇ ಅದು ಇಂಗ್ಲೆಂಡಿಗೆ ರಫ್ತಾಯಿತು.

ಆಟಿಕೆಗಳಲ್ಲೂ ಹೀಗೇ ಆಯಿತು. ಲಿವರ್‌ಪೂಲ್‌ನ ಡಿಂಕಿ ಟಾಯ್ಸ್ 1930ರ ದಶಕದಿಂದ ಲೋಹದ ಪುಟ್ಟ ಕಾರುಗಳಿಗೆ ಹೆಸರುವಾಸಿ. 1960ರ ದಶಕದ ಕೊನೆಗೆ ಅದರ ಕೆಲವು ಹಳೇ ಅಚ್ಚುಗಳು ಭಾರತಕ್ಕೆ ಬಂದವು. ಡಿಂಕಿ ಎಂಬ ಹೆಸರನ್ನು ಅಳಿಸಿ 'ನಿಕ್ಕಿ ಟಾಯ್ಸ್' ಎಂದು ಮಾರಿದರು. ಟ್ರಯಂಫ್ ವಿಟೆಸ್ ಕಾರಿನ ಅಚ್ಚಿನಿಂದ ಬಂದ ಆಟಿಕೆಗೆ ಇಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಹೆಸರು. ಮದ್ರಾಸಿನ ರಸ್ತೆಯಲ್ಲಿ ಓಡುತ್ತಿದ್ದುದು ಹೆರಾಲ್ಡ್ ತಾನೆ! ಅಂದು ಇವು ಬಡ ನಕಲುಗಳಂತೆ ಕಂಡಿರಬಹುದು. ಈಗ ಇವನ್ನೇ ಹುಡುಕಿ ಕೊಳ್ಳುವ ಸಂಗ್ರಾಹಕರು ವಿದೇಶಗಳಲ್ಲಿದ್ದಾರೆ.

ಇನ್ನೊಂದು ಬಗೆಯ ಮರುಹುಟ್ಟನ್ನು ಕರ್ನಾಟಕವೇ ಕಂಡಿದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕು ಮಾಡಲು ಶುರು ಮಾಡಿತು. ಮುಂದೆ ಅದು ಯೆಜ್ದಿ ಆಯಿತು. 1996ರಲ್ಲಿ ಕಾರ್ಖಾನೆ ನಿಂತಿತು. 2018ರ ನವೆಂಬರಿನಲ್ಲಿ ಜಾವಾ ಹೆಸರು ಮರಳಿ ಬಂದಾಗ ಟ್ಯಾಂಕಿನ ಆಕಾರ ಹಳೆಯದರಂತೆ ಇತ್ತು. ಎಂಜಿನ್ ಹೊಸದು, ತಯಾರಾದ ಊರು ಮಧ್ಯಪ್ರದೇಶದ ಪೀಥಂಪುರ. ಸ್ಕ್ಯಾನ್ ಮಾಡಿ ಹೊಸ ಅಚ್ಚು ಕೊರೆಸಿದ ಕಿಟ್‌ನಂತೆ ಇದು. ನೋಡಲು ಅದೇ. ಆದರೆ ಮೈಸೂರಿನ ಕೈಗಳಿಗೆ ಕೆಲಸ ಮರಳಲಿಲ್ಲ. ಬುಲೆಟ್‌ಗೂ ಜಾವಾಗೂ ಇರುವ ವ್ಯತ್ಯಾಸ ಇದೇ: ಒಂದು ಕಡೆ ಉಪಕರಣ ಮತ್ತು ಕೆಲಸಗಾರ ಬಿಡುವಿಲ್ಲದೆ ಜೊತೆಗಿದ್ದರು, ಇನ್ನೊಂದು ಕಡೆ ಹೆಸರೊಂದೇ ಉಳಿದಿತ್ತು.

ಕೆ.ಜಿ.ಎಫ್.ನಲ್ಲಿ ಅಚ್ಚು ಎಲ್ಲಿದೆ?

ಈಗ ಜಗಲಿಗೆ ಮರಳೋಣ. ಹಿರಿಯರು ಆ ಪ್ರಶ್ನೆ ಕೇಳಿದ್ದು ಸುಮ್ಮನೆ ಅಲ್ಲ ಎಂದು ನಮಗೆ ಹೊಳೆದದ್ದು ತಡವಾಗಿ.

1880ರಲ್ಲಿ ಜಾನ್ ಟೇಲರ್ ಆಂಡ್ ಸನ್ಸ್ ಇಲ್ಲಿಗೆ ಬಂದ ಮೇಲೆ ಗಣಿಯ ಜೊತೆ ಒಂದು ಇಡೀ ಯಂತ್ರಲೋಕ ಬಂತು. ಬೌರಿಂಗ್‌ಪೇಟೆ, ಅಂದರೆ ನಮ್ಮ ಬಂಗಾರಪೇಟೆಯಿಂದ 1894ರಲ್ಲಿ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಅಷ್ಟು ಆಳದಿಂದ ಜನರನ್ನೂ ಅದಿರನ್ನೂ ಮೇಲೆತ್ತುವ ಯಂತ್ರದ ಒಂದು ಹಲ್ಲು ಮುರಿದರೆ ಇಂಗ್ಲೆಂಡಿನಿಂದ ಹಡಗು ಬರುವವರೆಗೆ ಕಾಯಲಾಗುತ್ತಿತ್ತೇ? ಗಣಿಯ ವರ್ಕ್‌ಶಾಪುಗಳೇ ಅದನ್ನು ಮಾಡಬೇಕು. ಮೊದಲು ಮರದಲ್ಲಿ ಮಾದರಿ, ಆಮೇಲೆ ಮರಳಿನಲ್ಲಿ ಅಚ್ಚು, ಆಮೇಲೆ ಕರಗಿದ ಲೋಹ, ಕೊನೆಗೆ ಲೇತು ಮತ್ತು ಅರ. ಕಿಟ್‌ನ ಕಾರು ಹುಟ್ಟುತ್ತಿದ್ದುದೂ ಮರದ ಮಾದರಿಯಿಂದಲೇ ಎಂದು ನಾವು ಹೇಳಿದಾಗ ಹಿರಿಯರು ತಲೆ ಆಡಿಸಿದರು. "ಮರದ ಕೆಲಸ ಸರಿ ಇದ್ರೆ ಕಬ್ಬಿಣ ಸರಿ ಬರುತ್ತೆ" ಎಂದರು. ಲೋಹ ತಣಿದಾಗ ಕುಗ್ಗುತ್ತದೆ, ಅದಕ್ಕೆ ಮಾದರಿಯನ್ನು ಒಂದು ಕೂದಲಷ್ಟು ದೊಡ್ಡದು ಮಾಡಬೇಕು ಎಂದೂ ಹೇಳಿದರು. ಪ್ಲಾಸ್ಟಿಕ್ಕಿಗೂ ಅದೇ ಲೆಕ್ಕ ಅಂತ ಮಗ ಸೇರಿಸಿದ. ಬೇರೆ ಬೇರೆ ಕಾಲದ, ಬೇರೆ ಬೇರೆ ಕಸುಬಿನ ಅಪ್ಪ ಮಗ ಒಂದೇ ಮಾತು ಆಡುವುದನ್ನು ನಾವು ಆ ದಿನ ನೋಡಿದೆವು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಬಾಗಿಲು ಬಿತ್ತು. ಅಲ್ಲಿಂದೀಚೆಗೆ ಕೆ.ಜಿ.ಎಫ್. ಬಗ್ಗೆ ನಾವು ಬರೆದ ಸುದ್ದಿಗಳೆಲ್ಲ ಬಾಕಿ ಹಣ, ಮನೆ ಹಕ್ಕುಪತ್ರ, ನೀರು, ಮತ್ತು ಸೈನೈಡ್ ಗುಡ್ಡದ ದೂಳು. ಗುಡ್ಡಗಳು 13, ಅದರಲ್ಲಿ ಸುಮಾರು 33 ದಶಲಕ್ಷ ಟನ್ ಮಣ್ಣು ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಆ ಮಣ್ಣನ್ನು ಮತ್ತೆ ಅರೆದು ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗ ನಾವೂ ಸುದ್ದಿ ಕಳಿಸಿದೆವು. ಗುಡ್ಡದಲ್ಲಿ ಎಷ್ಟು ಗ್ರಾಂ ಚಿನ್ನ ಉಳಿದಿದೆ ಎಂದು ಲೆಕ್ಕ ಹಾಕಿದವರು ಬಹಳ ಜನ. ವರ್ಕ್‌ಶಾಪಿನ ಮರದ ಮಾದರಿಗಳು, ನಕ್ಷೆಗಳು, ಗೇಜುಗಳು ಎಷ್ಟು ಉಳಿದಿವೆ ಎಂದು ಕೇಳಿದ ಒಂದು ಸುದ್ದಿಯನ್ನು ನಾವು ಇಷ್ಟು ವರ್ಷಗಳಲ್ಲಿ ಬರೆದಿಲ್ಲ. ತಪ್ಪು ನಮ್ಮದೇ.

ಹಿರಿಯರನ್ನು ಕೇಳಿದೆವು, ನಿಮ್ಮ ಅಚ್ಚುಗಳು ಏನಾದವು? ಅವರು ನೇರ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಒಂದು ಹಳೇ ತಗಡಿನ ಪೆಟ್ಟಿಗೆ ತಂದರು. ಅದರಲ್ಲಿ ತಮ್ಮ ದುಡ್ಡಲ್ಲೇ ಕೊಂಡಿದ್ದ ಎರಡು ಅರ, ಒಂದು ಕ್ಯಾಲಿಪರ್, ಮತ್ತು ಅಂಗೈ ಅಗಲದ ಮರದ ಚಕ್ರ. ಚಕ್ರದ ಅಂಚಿಗೆ ಹಲ್ಲುಗಳು, ಒಂದು ಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅಂಕಿ. ಹೊಸಬರಿಗೆ ಕೆಲಸ ಕಲಿಸಲು ತಾವೇ ಮಾಡಿಕೊಂಡಿದ್ದ ಮಾದರಿ ಅಂತೆ. "ದೊಡ್ಡದೆಲ್ಲಾ ಅಲ್ಲೇ ಬಿಟ್ಟು ಬಂದ್ವಿ. ಮರದ್ದು ಯಾರಿಗೆ ಬೇಕು, ಒಲೆಗೆ ಹೋಗಿರುತ್ತೆ" ಎಂದರು.

ನಮ್ಮಲ್ಲಿ ಏನೂ ಉಳಿದಿಲ್ಲ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಬೆಮೆಲ್ 1960ರ ದಶಕದಿಂದ ಇದೇ ಊರಲ್ಲಿದೆ. ಜಪಾನಿನ ಕೊಮಾಟ್ಸು ಜೊತೆಗಿನ ಒಪ್ಪಂದದಲ್ಲಿ ಬಂದ ನಕ್ಷೆಗಳಿಂದ ಬುಲ್ಡೋಜರ್ ಮಾಡಿದ ಕೈಗಳು ಇಲ್ಲಿಯವೇ. ಕೊಪ್ಪಳದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕೈಗಾರಿಕಾ ವಲಯ ಬರುತ್ತಿದೆ. 2020ರಲ್ಲಿ ಆಟಿಕೆ ಆಮದು ಸುಂಕ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರಗಿನಿಂದ ಬರುವ ಕಿಟ್ ದುಬಾರಿಯಾಯಿತು, ಇಲ್ಲಿ ಮಾಡಿದರೆ ಲಾಭ ಎಂಬ ಲೆಕ್ಕ ಶುರುವಾಯಿತು. ಅಚ್ಚು ಕೊರೆಯಬಲ್ಲವರಿಗೆ, ಅಚ್ಚು ಕಾಯಬಲ್ಲವರಿಗೆ ಮುಂದೆ ಕೆಲಸ ಇದೆ. ಬೇರೆ ದೇಶದ ಕಾರು ಹೊಡೆಯುವ ಯಂತ್ರ ನಮ್ಮ ಅಂಬಾಸಿಡರ್ ಹೊಡೆಯಲಾರದೆ? ನಾವು ವಿಚಾರಿಸಿದ ಅಂಗಡಿಗಳಲ್ಲಿ ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಸೆಂಟಿ ಕಂಪನಿಯ ಅಂಬಾಸಿಡರ್ ಸಿಕ್ಕಿತು. ಕೂತು ಕಟ್ಟುವ ಅಂಬಾಸಿಡರ್ ಕಿಟ್ ಸಿಗಲಿಲ್ಲ.

ಒಂದು ಮನವಿ

ಕಿಟ್‌ಗಳ ಚರಿತ್ರೆ ಓದಿ ನಾವು ಕಲಿತದ್ದು ಸಣ್ಣ ಪಾಠ. ಡಬ್ಬಿಯ ಚಿತ್ರ ಉಳಿದರೆ ನೆನಪು ಉಳಿಯುತ್ತದೆ. ಅಚ್ಚು ಉಳಿದರೆ ವಸ್ತು ಮರಳುತ್ತದೆ. ಅಚ್ಚು ಹೋದರೂ ಒಂದು ತುಂಡು ಯಾರದ್ದೋ ಮನೆಯಲ್ಲಿ ಉಳಿದಿದ್ದರೆ, ಅಳತೆ ಹಿಡಿದು ಮತ್ತೆ ಮಾಡಬಹುದು. ಮೂರೂ ಹೋದರೆ ಯಾವ ದುಡ್ಡಿಗೂ ಬರುವುದಿಲ್ಲ.

ಆದ್ದರಿಂದ ಕೆ.ಜಿ.ಎಫ್., ಬಂಗಾರಪೇಟೆ, ಬೇತಮಂಗಲ ಕಡೆಯ ಓದುಗರಲ್ಲಿ ಒಂದು ಮಾತು. ನಿಮ್ಮ ತಾತ, ಅಪ್ಪ, ಮಾವ ಗಣಿಯಲ್ಲೋ ಕಾರ್ಖಾನೆಯಲ್ಲೋ ಇದ್ದವರಾದರೆ ಅಟ್ಟದ ಮೇಲೆ ಒಮ್ಮೆ ನೋಡಿ. ಅವರ ಸ್ವಂತದ ಉಪಕರಣ, ಕೈಬರಹದ ಅಳತೆ ಪುಸ್ತಕ, ನಕ್ಷೆಯ ಚೂರು, ಮರದ ಮಾದರಿ ಸಿಕ್ಕರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಂದು ಫೋಟೊ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಇದು ಏನು, ಯಾವ ಶಾಫ್ಟಿನದು, ಯಾವ ಯಂತ್ರದ್ದು ಎಂದು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಮುಚ್ಚಿದ ಶಾಫ್ಟುಗಳ ಕಡೆ, ಬೇಲಿಯೊಳಗೆ ಮಾತ್ರ ಯಾರೂ ಹೋಗಬೇಡಿ. ಅಲ್ಲಿ ಹೋಗಿ ಸತ್ತವರ ಸುದ್ದಿಯನ್ನೂ ನಾವೇ ಬರೆದಿದ್ದೇವೆ. ಮನೆಯಲ್ಲಿ ಇರುವುದೇ ಸಾಕಷ್ಟಿದೆ.

ನಾವು ಆ ಮರದ ಹಲ್ಲುಚಕ್ರದ ಫೋಟೊ ತೆಗೆದುಕೊಂಡೆವು, ಅಳತೆ ಬರೆದುಕೊಂಡೆವು. ಅಷ್ಟರಲ್ಲಿ ಮೊಮ್ಮಗ ರೋಲ್ಸ್‌ರಾಯ್ಸ್‌ನ ಬಾಗಿಲು ಅಂಟಿಸಲು ಒದ್ದಾಡುತ್ತಿದ್ದ. ಅಂಚಿನಲ್ಲಿ ತೆಳ್ಳಗೆ ಪ್ಲಾಸ್ಟಿಕ್ಕಿನ ಪೊರೆ ಉಳಿದು ಬಾಗಿಲು ಕೂರುತ್ತಿರಲಿಲ್ಲ. ತಾತ ಅದನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಸವರಿದರು. "ಅಚ್ಚಿನ ಬಾಯಿ ಈ ಕಡೆ ಸವೆದಿದೆ, ಬಲಗಡೆ ಸರಿ ಇದೆ" ಎಂದರು. ಆ ಅಚ್ಚನ್ನು ಅವರು ಕಂಡಿಲ್ಲ. ಅದು ಇರುವ ಊರೂ ಗೊತ್ತಿಲ್ಲ. ಗೆಳೆಯ ಬಗ್ಗಿ ನೋಡಿ ಹೌದೆಂದ. ತಾತ ಪೆಟ್ಟಿಗೆಯಿಂದ ಸಣ್ಣ ಅರ ತೆಗೆದು ಮೊಮ್ಮಗನ ಕೈಗೆ ಕೊಟ್ಟು, "ಒಂದೇ ಕಡೆಗೆ ಎಳಿ, ಹಿಂದೆ ಮುಂದೆ ಉಜ್ಜಬೇಡ" ಎಂದರು.

ರೈಲಿಗೆ ಹೊತ್ತಾಗಿತ್ತು. ನಾವು ಹೊರಟಾಗ ಬಾಗಿಲು ಕೂತಿತ್ತು.